ರಿವರ್ಸ್ ಗೇರಿನಲ್ಲಿ ಕೆಲಸ ಹುಡುಕಿದ್ದು

ಟಿಣ್ ಟಿಣ್ ಟಿಟಿಣ್ ಟೀಣ್. ನಮ್ಮ ಹಳೆಯ ಬಿಳಿ ಕಾರು ಹಿಂದಕ್ಕೆ ಸರಿಯುವಾಗ ಹೀಗೆ ಹಾಡುತ್ತಿತ್ತು. ಯಾವ ರಾಗ ಎಂದು ಕೇಳಬೇಡಿ, ಸಂಗೀತ ಬಲ್ಲ ನನ್ನ ನಾದಿನಿಯೇ ಕೈಚೆಲ್ಲಿದ್ದಳು. ರಾಜಗೋಪಾಲನಗರದ ನಮ್ಮ ಬೀದಿಯವರಿಗೆ ಮಾತ್ರ ಅದು ಬಾಯಿಪಾಠ. ಮೊದಲ ಟಿಣ್ ಕೇಳಿದರೆ ಸಾಕು, ಒಬ್ಬರು ಸ್ಕೂಟರನ್ನು ಪಕ್ಕಕ್ಕೆ ಎಳೆಯುವರು, ಇನ್ನೊಬ್ಬರು ಓಡಿ ಬಂದು ಗೇಟಿನ ಮುಂದಿನ ತುಳಸಿ ಕುಂಡವನ್ನು ಒಳಕ್ಕೆ ಸರಿಸುವರು. ನನ್ನ ಡ್ರೈವಿಂಗ್ ಮೇಲೆ ಬೀದಿಗೆ ಅಷ್ಟು ನಂಬಿಕೆ.

ಮೊನ್ನೆ ಷೂ ರ‍್ಯಾಕಿನ ಹಿಂದೆ ಏನೋ ಹುಡುಕುವಾಗ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದು ಕೈಗೆ ಬಂತು. ಹಿಂದೆ ಎರಡು ವೈರು, ಇಲಿಬಾಲದ ಹಾಗೆ. ಕಾರು ಗುಜರಿಗೆ ಹೋದ ದಿನ ಮೆಕ್ಯಾನಿಕ್ ಅದನ್ನು ಬಿಚ್ಚಿ, "ಮೇಡಂ, ಇದನ್ನ ನೆನಪಿಗೆ ಇಟ್ಕೊಳ್ಳಿ" ಎಂದು ಕೊಟ್ಟಿದ್ದ. ಆ ಹಾಡು ಈ ಡಬ್ಬಿಯೊಳಗೇ ಇದ್ದದ್ದು. ಹಾಕಿಸಿದವರು ನಮ್ಮವರು, ಶ್ರೀಧರಮೂರ್ತಿ. ಅಂಗಡಿಯವನು ಐದು ಟ್ಯೂನ್ ಕೇಳಿಸಿದನಂತೆ, ಇವರು ಅರ್ಧ ದಿನ ಕೂತು ಆರಿಸಿದರಂತೆ. ಸೀರೆ ಅಂಗಡಿಯಲ್ಲಿ ನಾನೇ ಅಷ್ಟು ಹೊತ್ತು ಕೂತವಳಲ್ಲ. ನನಗೋ ನಾಚಿಕೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಬಿಯಾಟ್ರಿಸ್ ಹೇಳಿಕೊಟ್ಟಿದ್ದು, ಲೇಡಿ ಆದವಳು ಕೋಣೆಗೆ ಬಂದದ್ದೂ ಹೋದದ್ದೂ ಗೊತ್ತಾಗಬಾರದು ಎಂದು. ನನ್ನ ಕಾರು ಬಂದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಹೋಗುವುದು ಮಾತ್ರ ಎರಡು ಬೀದಿಗೆ ಕೇಳುತ್ತಿತ್ತು.

ಆ ಕಾರಿನಲ್ಲಿ ನಾನೊಮ್ಮೆ ಒಂದು ಹುಡುಗಿಗೆ ಕೆಲಸ ಹುಡುಕಲು ಹೊರಟಿದ್ದೆ. ಆ ಕಥೆ ಹೇಳಬೇಕು. ಅದಕ್ಕೆ ಮುಂಚೆ ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಬಿಡಿ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಪರ್ಸನೆಲ್ ಮ್ಯಾನೇಜರರ ಸ್ಟೆನೊ ಆಗಿದ್ದವಳು. ಅಪಾಯಿಂಟ್‌ಮೆಂಟ್ ಲೆಟರ್ ಟೈಪ್ ಮಾಡಿದ್ದು ಕಡಿಮೆ, ರಿಗ್ರೆಟ್ ಲೆಟರ್ ಟೈಪ್ ಮಾಡಿದ್ದೇ ಜಾಸ್ತಿ. 'ವಿ ರಿಗ್ರೆಟ್' ಎಂಬ ಎರಡು ಪದಗಳನ್ನು ನನ್ನ ಬೆರಳುಗಳು ನಿದ್ದೆಯಲ್ಲೂ ಒತ್ತಬಲ್ಲವು. ನಮ್ಮ ಮ್ಯಾನೇಜರರಿಗೆ ಒಂದು ಅಭ್ಯಾಸವಿತ್ತು. ಅರ್ಜಿಯಲ್ಲಿ ಹಾರ್ಡ್‌ವರ್ಕಿಂಗ್, ಸಿನ್ಸಿಯರ್ ಎಂದೆಲ್ಲ ಬರೆದಿದ್ದರೆ ಓದುತ್ತಲೇ ಇರಲಿಲ್ಲ. "ಇವನು ಸೋಮವಾರ ಬೆಳಿಗ್ಗೆ ಬಂದು ಏನು ಮಾಡ್ತಾನೆ ಅಂತ ಯಾವ ಕಾಗದ ಹೇಳುತ್ತೋ ಅದನ್ನ ಮೇಲಿಡಿ ಮಿಸೆಸ್ ಮೂರ್ತಿ" ಅನ್ನುತ್ತಿದ್ದರು. ಮೂವತ್ತು ವರ್ಷ ನೌಕರಿ ಮಾಡಿ ನಾನು ಕಲಿತ ವಿದ್ಯೆ ಇದೊಂದೇ. ಫ್ರೀಯಾಗಿ ಕೊಟ್ಟಿದ್ದೇನೆ, ಇಟ್ಟುಕೊಳ್ಳಿ.

ಹುಡುಗಿಯ ಹೆಸರು ಮಹಾದೇವಿ. ಹುನಗುಂದದ ಕಡೆಯವಳು, ಐಟಿಐ ಫಿಟ್ಟರ್ ಪಾಸು. ಎದುರುಮನೆ ಮುನಿಯಪ್ಪನವರು ತಮ್ಮ ರಾಗಿ ಹೊಲವಿದ್ದ ಜಾಗದಲ್ಲೇ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಅದರ ಮಹಡಿ ಕೋಣೆಯಲ್ಲಿ ಇನ್ನಿಬ್ಬರ ಜೊತೆ ಇದ್ದಳು. ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣದ ಬಿಡಿಭಾಗಗಳ ಅಂಚು ಉಜ್ಜುವ ಹೆಲ್ಪರ್ ಕೆಲಸ ಮಾಡುತ್ತಿದ್ದಳು. ಆರ್ಡರ್ ಇಲ್ಲವೆಂದು ಅವರು ಬಿಡಿಸಿದ್ದರು. ಅವಳಿಗೆ ಬೇಕಾದದ್ದು ಇನ್‌ಸ್ಪೆಕ್ಷನ್ ಕೆಲಸ. ಅಂದರೆ ತಯಾರಾದ ಮಾಲನ್ನು ಅಳೆದು ನೋಡಿ, ಸರಿಯಿದ್ದರೆ ಪಾಸು ಎಂದು ಸೈನ್ ಹಾಕುವುದು, ಇಲ್ಲದಿದ್ದರೆ ವಾಪಸು ಕಳಿಸುವುದು. ಊರಿನಲ್ಲಿದ್ದ ಅಣ್ಣ ಒಂದು ತಿಂಗಳ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ತಾನೇ ಬಂದು ಊರಿಗೆ ಕರೆದೊಯ್ಯುವುದು, ನೋಡಿಟ್ಟ ಗಂಡಿಗೆ ಕೊಟ್ಟುಬಿಡುವುದು.

"ಗಂಡು ಹೆಂಗಿದಾನೆ?" ಎಂದು ಕೇಳಿದೆ.

"ಛಲೋ ಅದಾನ್ರಿ ಅಮ್ಮಾರ. ಆದ್ರ ನಂಗ ಇನ್ನೂ ವರ್ನಿಯರ್ ಹಿಡದು ನೋಡೋದೈತಿ" ಎಂದಳು. ವರ್ನಿಯರ್ ಎಂದರೆ ಕೂದಲೆಳೆಯ ದಪ್ಪ ಅಳೆಯುವ ಉಪಕರಣ. ಬೇರೆ ಹುಡುಗಿಯರು ಬಳೆ ಅಂಗಡಿಯ ಗಾಜನ್ನು ನೋಡುವ ಹಾಗೆ ಅವಳು ವರ್ಕ್‌ಶಾಪಿನಲ್ಲಿ ದೂರದಿಂದ ಅದನ್ನು ನೋಡುತ್ತಿದ್ದಳಂತೆ.

ಅವಳ ಬಯೊಡೇಟಾ ತರಿಸಿ ಕನ್ನಡಕ ಹಾಕಿಕೊಂಡು ಓದಿದೆ. ನಮ್ಮ ಏರಿಯಾದ ಡಿಟಿಪಿ ಅಂಗಡಿಯವನ ಹತ್ತಿರ ಇರುವುದೇ ಒಂದು ನಮೂನೆ. ಹೆಸರು, ವಿಳಾಸ ಬದಲಾಯಿಸಿ ಪ್ರಿಂಟ್ ತೆಗೆಯುತ್ತಾನೆ. ಹಾಗಾಗಿ ರಾಜಗೋಪಾಲನಗರದ ಸಮಸ್ತ ಹೆಣ್ಣುಮಕ್ಕಳ ಹವ್ಯಾಸ ಕ್ರಿಕೆಟ್ ಆಡುವುದು.

"ಎಂದಾದ್ರೂ ಬ್ಯಾಟ್ ಹಿಡಿದಿದೀಯೇನೆ?"

"ಇಲ್ರಿ. ಇರ್ಲಿ ಬಿಡ್ರಿ, ಅಂಗಡಿಯವ ಹಾಕೇ ಕೊಡ್ತಾನ. ತಗೀ ಅಂದ್ರ ಅದಕ್ಕೂ ರೊಕ್ಕ ಕೇಳ್ತಾನ."

ಕ್ರಿಕೆಟ್ಟನ್ನು ನಾನೇ ಹೊಡೆದುಹಾಕಿದೆ. ಹಾರ್ಡ್‌ವರ್ಕಿಂಗನ್ನೂ. ಅದರ ಜಾಗದಲ್ಲಿ, ಹೆಲ್ಪರ್ ಆಗಿದ್ದಾಗ ತಪ್ಪು ಅಳತೆಯ ಪೀಸುಗಳನ್ನು ಯಾರೂ ಹೇಳದೆ ತಾನಾಗಿ ಬೇರೆ ಇಡುತ್ತಿದ್ದೆ ಎಂದು ಅವಳು ಹೇಳಿದ್ದನ್ನೇ ನಾಲ್ಕು ಸಾಲು ಮಾಡಿ ಬರೆದೆ. ಇಂಗ್ಲಿಷು ಗ್ರ್ಯಾಂಡಾಗಿ ಬಂತು. ಎಷ್ಟು ಗ್ರ್ಯಾಂಡಾಗಿ ಬಂತೆಂದರೆ ಮಹಾದೇವಿ ಓದಿ, "ಇದು ಯಾರ ಬಗ್ಗೆ ರೀ?" ಎಂದಳು. ಮತ್ತೆ ಸಣ್ಣ ಮಾತಿನಲ್ಲಿ ಬರೆದೆ.

ಪೀಣ್ಯದಲ್ಲಿ ಕೆಲಸ ಇರುವುದು ಪೇಪರಿನಲ್ಲೂ ಅಲ್ಲ, ಫೋನಿನಲ್ಲೂ ಅಲ್ಲ, ಗೇಟಿನ ಮೇಲೆ. 'ಬೇಕಾಗಿದ್ದಾರೆ: ಟರ್ನರ್, ವೆಲ್ಡರ್, ಹೆಲ್ಪರ್' ಎಂದು ಬೋರ್ಡು ನೇತುಹಾಕುತ್ತಾರೆ. ಕೆಲಸ ಬೇಕಾದವರು ಗೇಟಿನಿಂದ ಗೇಟಿಗೆ ಓದುತ್ತಾ ನಡೆಯಬೇಕು. ಆದರೆ ಎಲ್ಲ ಬೋರ್ಡೂ ನಿಜವಲ್ಲ. ಪೇಂಟಿನಲ್ಲಿ ಬರೆದದ್ದು ವರ್ಷಗಟ್ಟಲೆ ನೇತಾಡುತ್ತಿರುತ್ತದೆ, ಒಳಗೆ ಕೇಳಿದರೆ ಅದು ಅಲ್ಲಿದೆ ಎನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ. ಚಾಕ್‌ಪೀಸಿನಲ್ಲಿ ಬರೆದಿದ್ದರೆ ನಿನ್ನೆಯದು, ನಂಬಬಹುದು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರೆ ಇನ್ನೂ ಒಳ್ಳೆಯದು, ಯಾರೋ ಅವತ್ತೇ ಜಗಳವಾಡಿ ಬಿಟ್ಟುಹೋಗಿದ್ದಾರೆ ಎಂದರ್ಥ. ಇದನ್ನೆಲ್ಲ ನನಗೆ ಕಲಿಸಿದವಳು ಮಹಾದೇವಿ. ಬಿಸಿಲಿನಲ್ಲಿ ಅವಳು ನಡೆಯುವುದನ್ನು ನೋಡಲಾರದೆ, "ಬಾ, ಕಾರಲ್ಲಿ ಹೋಗೋಣ, ಇಬ್ಬರೂ ಓದೋಣ" ಎಂದು ಹೊರಡಿಸಿದವಳು ನಾನು.

ಎಡಗಡೆ ಗೇಟುಗಳು ಅವಳಿಗೆ, ಬಲಗಡೆಯವು ನನಗೆ. ಎಮ್ಮೆ ನಡೆಯುವ ಸ್ಪೀಡು. ಹಿಂದಿನ ಟೆಂಪೋದವರ ಬೈಗುಳ ಕೇಳಿಸದ ಹಾಗೆ ಗಾಜು ಏರಿಸಿಕೊಂಡು ಮೂರು ದಿನ ಓದಿದೆವು. ನಾಲ್ಕನೆಯ ದಿನ ಎರಡನೇ ಹಂತದ ಒಂದು ಓಣಿಯಲ್ಲಿ, ರಸ್ತೆ ಬಲಕ್ಕೆ ತಿರುಗುವ ಮೂಲೆಯಲ್ಲಿ ಒಂದು ಗೇಟು. ತಿರುಗಿದ ಮೇಲೆ ನನಗೆ ಕನ್ನಡಿಯಲ್ಲಿ ಕಂಡಿತು, ರಟ್ಟು. ಸ್ಕೆಚ್ ಪೆನ್ನು.

"ಮಹಾದೇವಿ, ಹಿಂದೆ ರಟ್ಟಿದೆ ಕಣೆ" ಎಂದು ರಿವರ್ಸ್ ಹಾಕಿದೆ. ಟಿಣ್ ಟಿಣ್ ಟಿಟಿಣ್ ಟೀಣ್. ಕನ್ನಡಿಯಲ್ಲಿ ಅಕ್ಷರಗಳು ಉಲ್ಟಾ. ಇನ್ನೂ ಸ್ವಲ್ಪ ಹತ್ತಿರ ಹೋದರೆ ಕುತ್ತಿಗೆ ತಿರುಗಿಸಿ ಓದಬಹುದು. 'ಇನ್‌ಸ್ಪೆಕ್ಟರ್ ಬೇಕು' ಎಂದೇ ಇತ್ತು. ನಾನು ಸಂತೋಷದಿಂದ ಗಟ್ಟಿಯಾಗಿ ಓದುತ್ತಿದ್ದೆ, ಮಹಾದೇವಿ "ಸಾಕ್ರಿ, ಸಾಕ್ರಿ" ಎನ್ನುತ್ತಿದ್ದಳಂತೆ, ಆ ಹಾಡಿನಲ್ಲಿ ಯಾರ ಮಾತು ಯಾರಿಗೆ ಕೇಳಬೇಕು. ಧಡಾರ್ ಎಂದಿತು. ಕಾರು ನಿಂತಿತು, ಹಾಡು ನಿಲ್ಲಲಿಲ್ಲ. ಗಾಬರಿಯಲ್ಲಿ ಗೇರು ಕದಲಲೊಲ್ಲದು. ಒಳಗಿನಿಂದ ಕೆಲಸಗಾರರು, ಅವರ ಹಿಂದೆ ಓನರು ಹೊರಗೆ ಬರುವಷ್ಟು ಹೊತ್ತೂ ನಾನು ಅವರ ಗೇಟಿಗೆ ಒರಗಿಕೊಂಡು ಸಂಗೀತ ಕೇಳಿಸುತ್ತಿದ್ದೆ.

ಓನರ್ ಶಿವಣ್ಣ ಎಂಬಾತ. ತಾನೇ ಟರ್ನರ್ ಆಗಿದ್ದು ಮೇಲೆ ಬಂದವನು, ನಗುಮುಖ. ಬೈಯುತ್ತಾನೆ ಎಂದುಕೊಂಡರೆ ಕುರ್ಚಿ ಹಾಕಿಸಿದ, ಟೀ ತರಿಸಿದ. ಮಹಾದೇವಿ ತನ್ನ ಬಯೊಡೇಟಾ ಕೊಟ್ಟಳು, ಓದಿ ತಲೆದೂಗಿದ. ನಾನು ಕ್ಷಮಾಪಣೆ ಕೇಳುತ್ತಲೇ ಇದ್ದೆ.

"ಟೆನ್ಷನ್ ತಗೋಬೇಡಿ ಮೇಡಂ. ಹೊರಗಿನ ಗಾಡಿ ಗುದ್ದಿದ್ರೆ ನಮ್ಮ ಫ್ಯಾಕ್ಟರಿ ಇನ್ಶೂರೆನ್ಸಲ್ಲಿ ಬರುತ್ತೆ. ಪೂರ್ತಿ ಗೇಟು ನಿಮ್ಮ ಕಾರಿಂದಾನೇ ಹಾಳಾಯ್ತು ಅಂತ ಒಂದು ಲೆಟರ್ ಕೊಡಿ, ಸಾಕು. ಹೊಸ ಗೇಟೇ ಹಾಕಿಸ್ತೀನಿ. ಈ ಹುಡುಗಿ ಸಾಕ್ಷಿ ಸೈನ್ ಹಾಕ್ಲಿ. ನಾಳೆಯಿಂದಾನೇ ಕೆಲಸಕ್ಕೆ ಬರ್ಲಿ."

ಎಂಥ ದೊಡ್ಡ ಮನುಷ್ಯ ಎಂದುಕೊಂಡೆ. ಲೆಟರಿಗೆ ಲಗತ್ತಿಸಲು ಕಾರಿನ ಆರ್‌ಸಿ, ಪಾಲಿಸಿ ಕೇಳಿದ. ಕೊಟ್ಟೆ.

"ಶ್ರೀಧರಮೂರ್ತಿ ಯಾರು?"

"ನಮ್ಮವರು."

"ಅವರನ್ನ ಒಂಚೂರು ಕರೀತೀರಾ?"

"ಕರೆದರೆ ಬರೋ ಜಾಗದಲ್ಲಿಲ್ಲಪ್ಪ ಅವರು. ಹೋಗಿ ಆರು ವರ್ಷ ಆಯ್ತು."

ಶಿವಣ್ಣ ಕನ್ನಡಕ ತೆಗೆದು ನನ್ನನ್ನು ನೋಡಿದ. ನೀವೂ ಹಾಗೆ ನೋಡುತ್ತಿದ್ದೀರಿ ಎಂದು ಬಲ್ಲೆ. ಹೌದು, ತೀರಿಹೋದ ಗಂಡನ ಹೆಸರಿನಲ್ಲಿ ಆರು ವರ್ಷ ನಾನು ಕಾರಿನ ಇನ್ಶೂರೆನ್ಸ್ ಕಟ್ಟಿದ್ದೆ. ಪ್ರತಿವರ್ಷ ಒಂದು ಹುಡುಗಿ ಫೋನ್ ಮಾಡಿ, ಮಿಸ್ಟರ್ ಮೂರ್ತಿ ಇದ್ದಾರಾ ಎನ್ನುವಳು. ನಾನು ಅವರ ಮಿಸೆಸ್, ಹೇಳಿ ಎನ್ನುವೆ. ಸಂಜೆ ಹೊತ್ತಿಗೆ ಅವರ ಹೆಸರಿಗೆ ಥ್ಯಾಂಕ್ ಯೂ ಮೆಸೇಜು ಬರುವುದು. ಹುಟ್ಟುಹಬ್ಬಕ್ಕೂ ಒಂದು. ಅವರಿಗೆ ಶುಭ ಕೋರುವವರು ಜಗತ್ತಿನಲ್ಲಿ ಆ ಕಂಪನಿಯವರೊಬ್ಬರೇ ಉಳಿದಿದ್ದರು. ಹೆಸರು ಬದಲಾಯಿಸಿ ಅದನ್ನೂ ತಪ್ಪಿಸುವುದು ನನ್ನಿಂದಾಗಲಿಲ್ಲ. ಮೇಲಾಗಿ ನೋ ಕ್ಲೈಮ್ ಬೋನಸ್. ಒಂದು ಸಲವೂ ಕ್ಲೈಮ್ ಮಾಡದೆ ಅವರು ಗಳಿಸಿಟ್ಟ ರಿಯಾಯಿತಿ. ನಾನು ಅದನ್ನು ಕಾನ್ವೆಂಟಿನ ಗುಡ್ ಕಾಂಡಕ್ಟ್ ರಿಬ್ಬನ್ನಿನಷ್ಟು ಜೋಪಾನ ಮಾಡಿದ್ದೆ. ಹೆಸರು ಬದಲಾದರೆ ರಿಬ್ಬನ್ ಕಿತ್ತುಕೊಳ್ಳುತ್ತಾರೆ ಎಂದು ಭಯ.

ಇದು ಎಂಥ ಪೆದ್ದುತನ ಎಂದು ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ಆರ್‌ಸಿ ಹೆಸರು ಬದಲಾಗಬೇಕಾದದ್ದು ತಿಂಗಳುಗಳಲ್ಲಿ, ವರ್ಷಗಳಲ್ಲಲ್ಲ. ಅದರ ಹಿಂದೆಯೇ ಪಾಲಿಸಿ. ಇಲ್ಲದಿದ್ದರೆ ಯಾರಿಗಾದರೂ ಏಟು ಬಿದ್ದ ದಿನ, ಓನರ್ ಎಲ್ಲಿ ಎಂದು ಕಂಪನಿಯವರು ಕೇಳಿದರೆ ನಾನು ಆಕಾಶ ತೋರಿಸಬೇಕಿತ್ತು. ಬೋನಸ್ಸೂ ಎಲ್ಲಿಗೂ ಹೋಗುವುದಿಲ್ಲವಂತೆ, ಅರ್ಜಿ ಕೊಟ್ಟರೆ ಹೆಂಡತಿಗೇ ಬರುತ್ತದಂತೆ. ಇನ್ನೊಂದು, ಸಣ್ಣ ತರಚಿಗೆಲ್ಲ ಕ್ಲೈಮ್ ಮಾಡಿದರೆ ರಿಯಾಯಿತಿ ಹೋಗಿ ನಷ್ಟವೇ ಜಾಸ್ತಿ, ಅದನ್ನು ಮಾತ್ರ ನಾನು ಸರಿಯಾಗಿ ತಿಳಿದಿದ್ದೆ. ಈಗಲೇ ಎದ್ದು ಹೋಗಿ ನಿಮ್ಮ ಕಾಗದದ ಮೇಲೆ ಯಾರ ಹೆಸರಿದೆ ನೋಡಿ ಬನ್ನಿ, ನಾನು ಕಾಯುತ್ತೇನೆ.

ಶಿವಣ್ಣ ಮಾತ್ರ ಎದೆಗುಂದಲಿಲ್ಲ. "ಪರವಾಗಿಲ್ಲ ಬಿಡಿ ಮೇಡಂ. ಸಾರ್ ಹೆಸರಲ್ಲೇ ನೀವು ಒಂದು ಸೈನ್ ಹಾಕ್ಬಿಡಿ. ಯಾರು ನೋಡ್ತಾರೆ" ಎಂದು ಕಾಗದ ಮುಂದಿಟ್ಟ.

ಈಗ ನಿಜ ಹೇಳಬೇಕು. ಕಾನ್ವೆಂಟಿನಲ್ಲಿ ಹತ್ತು ವರ್ಷ ಪ್ರತಿದಿನ ಬೆಳಿಗ್ಗೆ ಸತ್ಯದ ಪಾಠ ಕೇಳಿದ ನಾನು ಪೆನ್ನಿನ ಕ್ಯಾಪ್ ತೆಗೆದೆ. ಗೇಟು ಗುದ್ದಿದ ನಾಚಿಕೆ, ಅವನ ಟೀ ಕುಡಿದ ದಾಕ್ಷಿಣ್ಯ, ಎಲ್ಲಕ್ಕಿಂತ ಮಹಾದೇವಿಯ ಕೆಲಸ. ಅವಳ ಅಣ್ಣ ಬರಲು ಎಂಟು ದಿನ ಉಳಿದಿತ್ತು. ಒಂದು ಸೈನಿನಲ್ಲಿ ಎಲ್ಲ ಮುಗಿಯುತ್ತದೆ. ಶ್ರೀ ಎಂದು ಬರೆಯಲು ಕೈ ಇಳಿಸಿದ್ದೇನೆ, ಮಹಾದೇವಿ ಪಕ್ಕದಲ್ಲಿಲ್ಲ. ನೋಡಿದರೆ ಗೇಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬ್ಯಾಗಿನಿಂದ ಟೇಪು ತೆಗೆದು ಅಳೆಯುತ್ತಿದ್ದಾಳೆ. ಕಾರಿನ ಬಂಪರಿಗೆ ಒಮ್ಮೆ, ಗೇಟಿಗೆ ಒಮ್ಮೆ. ಎದ್ದು ಬಂದವಳೇ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಕ್ಯಾಪ್ ಹಾಕಿದಳು.

"ಸರ್, ಕೆಳಗಿನ ಶೀಟ್ ತಗ್ಗಾಗಿದ್ದು ನಮ್ಮದ್ರಿ. ನಮ್ಮ ಅಮ್ಮಾರ ಗಾಡಿ ಬಂಪರ್ ಮೊಣಕಾಲ್ ಮಟ್ಟಕ್ಕ ಐತಿ. ಮ್ಯಾಲಿನ ಪೈಪ್ ಸೊಟ್ಟ ಆಗಿದ್ದು ಎದಿ ಮಟ್ಟಕ್ಕ. ಅದು ಲಾರಿ ಹೊಡದಿದ್ದು, ಜಂಗ್ ಸುದ್ದಾ ಹಿಡದೈತಿ ನೋಡ್ರಿ."

ಕೆಲಸಗಾರರಲ್ಲಿ ಒಬ್ಬ ಪೈಪಿನ ಹಳೆಯ ತುಕ್ಕನ್ನು ನೋಡಿ ಮುಖ ತಿರುಗಿಸಿ ನಕ್ಕ. ಶಿವಣ್ಣನ ನಗು ಸ್ವಲ್ಪ ಕಡಿಮೆಯಾಯಿತು. "ಏನಮ್ಮಾ, ಕೆಲಸ ಬೇಕಾ, ಬೇಡ್ವಾ?"

"ಬೇಕ್ರಿ."

"ಹಂಗಾದ್ರೆ ಸುಮ್ನೆ ಸೈನ್ ಹಾಕು."

"ಸರ್, ನೀವು ನನ್ನ ತಗೊಳ್ಳೋದ ಸೈನ್ ಹಾಕಾಕ. ಇಲ್ಲಿ ಸುಳ್ಳಿಗೆ ಹಾಕಿದ್ರ, ನಾಳೆ ನನ್ನ ಸೈನ್ ಇದ್ದ ಮಾಲು ನೀವ ನಂಬ್ತೀರೇನ್ರಿ?"

"ಬಾಯಿ ಜಾಸ್ತಿ ಆಯ್ತು ನಿಂದು. ಇನ್‌ಸ್ಪೆಕ್ಷನ್‌ಗೆ ಕಣ್ಣಿದ್ರೆ ಸಾಕು."

"ಕಂಡಿದ್ದು ಹೇಳಾಕ ಬಾಯಿ ಬೇಕಲ್ರಿ."

ಶಿವಣ್ಣ ಬಯೊಡೇಟಾವನ್ನು ಮಡಿಸಿ ವಾಪಸು ಕೊಟ್ಟ. ಕೋಪವನ್ನೇನೂ ಮಾಡಿಕೊಳ್ಳಲಿಲ್ಲ. "ಕೆಳಗಿನ ಶೀಟ್ ರಿಪೇರಿ ಮಾಡಿಸಿಕೊಡಿ ಮೇಡಂ" ಎಂದು ಒಳಗೆ ಹೋದ. ಮೂವತ್ತು ವರ್ಷ 'ವಿ ರಿಗ್ರೆಟ್' ಟೈಪ್ ಮಾಡಿದ ನನಗೆ ಅದನ್ನು ಪಡೆದುಕೊಳ್ಳುವ ಕಡೆ ನಿಂತರೆ ಹೇಗಿರುತ್ತದೆಂದು ಅವತ್ತು ಗೊತ್ತಾಯಿತು.

ಬರುವಾಗ ಇಬ್ಬರೂ ಯಾವ ಗೇಟನ್ನೂ ಓದಲಿಲ್ಲ. ಮನೆ ಹತ್ತಿರ ಬಂದಾಗ ಅವಳು, "ಅಮ್ಮಾರ, ನಾ ತಪ್ಪು ಮಾಡಿದ್ನೇನ್ರಿ?" ಎಂದಳು. ಇಲ್ಲ ಎನ್ನಲು ನನಗೆ ಧೈರ್ಯ ಬೇಕಿತ್ತು. ಕ್ಯಾಪ್ ತೆಗೆದವಳು ನಾನಲ್ಲವೇ. "ಬಾ, ಉಪ್ಪಿಟ್ಟು ಮಾಡ್ತೀನಿ" ಎಂದೆ. ಉತ್ತರ ಗೊತ್ತಿಲ್ಲದಾಗ ನಾನು ಉಪ್ಪಿಟ್ಟು ಮಾಡುತ್ತೇನೆ.

ಮಾರನೆಯ ದಿನ ಶೀಟ್ ಸರಿಮಾಡಲು ಬಾಬು ಎಂಬ ವೆಲ್ಡರನನ್ನು ಕರೆದುಕೊಂಡು ಹೋದೆ. ಅಲ್ಲಿನ ಕೆಲಸಗಾರರು ನಡೆದದ್ದನ್ನೆಲ್ಲ ಅಭಿನಯಿಸಿ ತೋರಿಸಿದರು. ನನ್ನ ಪಾತ್ರ ಮಾಡಿದವನು ಬಾಯಲ್ಲೇ ಟಿಣ್ ಟಿಣ್ ಎನ್ನುತ್ತ ಹಿಂದೆ ಹಿಂದೆ ನಡೆದು ಗೇಟಿಗೆ ಗುದ್ದಿದ. ಬಾಬು ಹೊಟ್ಟೆ ಹಿಡಿದುಕೊಂಡು ನಕ್ಕ. ವೆಲ್ಡರ್ ಎಂದರೆ ದಿನಕ್ಕೆ ನಾಲ್ಕು ಗೇಟು ಹತ್ತಿಳಿಯುವವನು. ಹೋದಲ್ಲೆಲ್ಲ ಈ ಕಥೆಯನ್ನು ಬೆಸುಗೆ ಹಾಕಿದ. ಮೂರನೆಯ ದಿನಕ್ಕೆ ಟೀ ಅಂಗಡಿಗಳಲ್ಲಿ ನನ್ನ ಕಾರು ಗೇಟನ್ನು ಮುರಿದು ಒಳಗಿನ ಲೇಥ್ ಮಿಷನ್ನಿನವರೆಗೂ ಹೋಗಿತ್ತು.

ಆರನೆಯ ದಿನ ಬಾಬುವಿನ ಫೋನು. "ಮೇಡಂ, ಆ ಗೇಟ್ ಅಳೆದ ಹುಡುಗಿಗೆ ಕೆಲಸ ಸಿಕ್ತಾ? ನಾಲ್ಕನೇ ಹಂತದಲ್ಲಿ ಒಬ್ರು ಲೇಡಿ ಇದಾರೆ, ವಾಲ್ವ್ ಪಾರ್ಟ್ಸ್ ಚೆಕ್ ಮಾಡೋ ಯೂನಿಟ್ಟು. ಕಥೆ ಕೇಳಿ ಅವರು ನಗ್ಲೇ ಇಲ್ಲ. ಅವಳನ್ನ ಕಳ್ಸು ಅಂದ್ರು."

ಮಹಾದೇವಿ ಹೋದಳು. ಆ ಲೇಡಿ ಬಯೊಡೇಟಾ ತೆರೆದೇ ನೋಡಲಿಲ್ಲವಂತೆ. ನನ್ನ ನಾಲ್ಕು ಸಾಲಿಗೆ ಆದ ಗತಿ ಇದು. ಹತ್ತು ಪೀಸು ಕೊಟ್ಟು ಅಳೆ ಎಂದರಂತೆ. ಅವರ ಲೆಕ್ಕದಲ್ಲಿ ಹತ್ತರಲ್ಲಿ ಎರಡು ತಪ್ಪಿದ್ದವು, ಅವಳು ಮೂರು ತೆಗೆದಿಟ್ಟಳಂತೆ. ಮೂರನೆಯದು ಸರಿ ಇದೆ ಎಂದು ಅವರು, ಇಲ್ಲ ಎಂದು ಇವಳು. ಕೊನೆಗೆ ಇನ್ನೊಂದು ವರ್ನಿಯರ್ ತಂದು ನೋಡಿದರೆ ಅವರು ಅಳೆದಿದ್ದ ವರ್ನಿಯರೇ ಸವೆದಿತ್ತು. ಅವತ್ತೇ ಕೆಲಸ ಸಿಕ್ಕಿತು. ಅಣ್ಣ ಬಂದ. ಅವನನ್ನು ನಮ್ಮ ಮನೆಗೂ ಕರೆತಂದಳು. ಊಟ ಮಾಡಿ, ಕಾರಿಗೊಂದು ಪ್ರದಕ್ಷಿಣೆ ಬಂದು, "ಇದ ಏನ್ರಿ ಆ ಗಾಡಿ?" ಎಂದು ಕೇಳಿ ಒಬ್ಬನೇ ಊರಿಗೆ ಹೋದ.

ಆ ವರ್ಷವೇ ನಾನು ಆರ್‌ಟಿಒ ಕಚೇರಿಗೆ ಅಲೆದು ಹೆಸರು ಬದಲಾಯಿಸಿದೆ. ಮುಂದಿನ ಸಲದ ಥ್ಯಾಂಕ್ ಯೂ ಮೆಸೇಜು ನನ್ನ ಹೆಸರಿಗೆ ಬಂತು. ಆಮೇಲೆ ನಮ್ಮವರ ಹುಟ್ಟುಹಬ್ಬಕ್ಕೆ ನಾನೇ ಪಾಯಸ ಮಾಡಲು ಶುರುಮಾಡಿದೆ. ಕಂಪನಿಯವರಿಗಿಂತ ಚೆನ್ನಾಗಿಯೇ ನಡೆಸುತ್ತಿದ್ದೇನೆ.

ಎರಡು ವರ್ಷವಾದ ಮೇಲೆ ಮಹಾದೇವಿ ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಕಾರ್ಖಾನೆಗೆ ಹೋದಳು, ಮನೆಯೂ ಸಿಂಗಸಂದ್ರಕ್ಕೆ ಬದಲಾಯಿತು. ಫೋನಿನಲ್ಲಿ ಮಾತು ಉಂಟು. ನಾನು ಅವಳನ್ನು ಕಡೆಯ ಸಲ ಕಂಡದ್ದು ಆ ಕಾರ್ಖಾನೆಯ ಬಾಗಿಲಲ್ಲಿ. ಪೀಣ್ಯದಿಂದ ಮೆಟ್ರೊ ಹತ್ತಿ, ನಡುವೆ ಒಂದು ಸಲ ಬದಲಾಯಿಸಿ, ಒಂದು ಡಬ್ಬಿ ಚಕ್ಕುಲಿ ಹಿಡಿದು ಹೋಗಿದ್ದೆ. ಟೀ ಬ್ರೇಕಿನಲ್ಲಿ ಹತ್ತು ನಿಮಿಷ ಬಿಡುವು ಮಾಡಿಕೊಂಡು ಬಂದಳು. ಬಿಳಿ ಕೋಟು, ಕೂದಲಿಗೆ ಟೋಪಿ, ಕೈಯಲ್ಲಿ ಬಳೆ ಇಲ್ಲ, ಕೆಲಸದ ಜಾಗದಲ್ಲಿ ಹಾಕಬಾರದಂತೆ. ನನ್ನ ಮಂಡಿನೋವು ವಿಚಾರಿಸಿದಳು, ಮುನಿಯಪ್ಪನವರು ನಾಲ್ಕನೆಯ ಅಂತಸ್ತು ಎಬ್ಬಿಸಿದರೇ ಎಂದು ಕೇಳಿದಳು. ಅಷ್ಟರಲ್ಲಿ ಒಳಗಿನಿಂದ ಐವತ್ತು ದಾಟಿದ ಒಬ್ಬರು ಫೈಲು ಹಿಡಿದು ಓಡಿಬಂದರು.

"ಮೇಡಂ, ಒಂದೇ ಒಂದು ಸೈನು. ಲಾರಿ ನಿಂತಿದೆ. ಅಷ್ಟು ಸಣ್ಣ ವ್ಯತ್ಯಾಸ ಯಾರು ನೋಡ್ತಾರೆ ಹೇಳಿ."

"ನಾ ನೋಡೀನಲ್ರಿ ಅಣ್ಣಾರ" ಎಂದಳು ಮಹಾದೇವಿ, ನಗುತ್ತಲೇ. "ಬರ್ರಿ, ನಿಮ್ಮ ಮುಂದನ ಮತ್ತೊಮ್ಮೆ ಅಳೀತೀನಿ." ನನ್ನ ಕೈ ಹಿಡಿದು ಒಮ್ಮೆ ಒತ್ತಿ, ಚಕ್ಕುಲಿ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಆತ ಫೈಲು ಬೀಸುತ್ತಾ ಹಿಂದೆ.

ಸೆಕ್ಯುರಿಟಿಯವನು ನನಗೆ ಸ್ಟೂಲು ಎಳೆದುಕೊಟ್ಟ. "ಮೇಡಂ ನಿಮಗೆ ಗೊತ್ತಾ ಅಮ್ಮ? ತುಂಬಾ ಸ್ಟ್ರಿಕ್ಟು. ಯಾರ ಸೈನಿಗೂ ಮರ್ಯಾದೆ ಇಲ್ಲ."

"ಗೊತ್ತಪ್ಪ" ಎಂದೆ. "ನಂದನ್ನೂ ಒಂದ್ಸಲ ರಿಜೆಕ್ಟ್ ಮಾಡಿದಾಳೆ."